ಕಂಚಿನ ಕಪ್ಪೆ

ಕಿರಿಯೆ ಕಾರಿನ ಕೀಲಿ ತಿರುಗಿಸಿದಳು. ಮೀಟರಿನ ದೀಪಗಳೆಲ್ಲ ಹೊತ್ತಿಕೊಂಡವು. ಎಂಜಿನ್ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ, ಏನೂ ಆಗಿಯೇ ಇಲ್ಲವೆಂಬಂತೆ ಗುರುಗುಟ್ಟಿತು.

ಸ್ಟೀರಿಂಗಿಗೊಂದು ಗುದ್ದು ಕೊಟ್ಟು ಅವಳು ನೋಟ್‌ಬುಕ್ ತೆರೆದಳು. ಹಾಲಿನ ಡೈರಿಯೊಂದರಲ್ಲಿ ಪರೀಕ್ಷೆಯ ಕೆಲಸ ಅವಳದು. ಹಾಲಿನ ಲೆಕ್ಕ ಬರೆದಿಟ್ಟಂತೆಯೇ ಈ ಹಳೇ ಕಾರಿನದನ್ನೂ ಬರೆದಿಟ್ಟಿದ್ದಳು. ದಿನ, ಚಳಿ, ಹಿಮ, ಎಷ್ಟನೆಯ ಯತ್ನ. ನಲವತ್ತೊಂದು ದಿನದ ಅಂಕಿಗಳಲ್ಲಿ ಒಂದಕ್ಕೊಂದು ತಾಳೆಯಿಲ್ಲ. ಬ್ಯಾಟರಿ ಬದಲಾಯಿಸಿಯಾಗಿತ್ತು, ಸ್ಟಾರ್ಟರಿಗೆ ಕರೆಂಟು ಕೊಡುವ ರಿಲೇ ಬದಲಾಯಿಸಿಯಾಗಿತ್ತು. ಕಳೆದ ತಿಂಗಳು ಕಾರು ಹೀಗೇ ಕೈಕೊಟ್ಟು ಅತ್ತೆ ಫುಕುಯೊ ಅವರ ಕಣ್ಣಿನ ಆಪರೇಷನ್ ತಪ್ಪಿಹೋಗಿತ್ತು. ಆಸ್ಪತ್ರೆ ಕೊಟ್ಟ ಎರಡನೆಯ ತಾರೀಖು ನಾಳೆ, ಬೆಳಿಗ್ಗೆ ಎಂಟಕ್ಕೆ, ಮೊರಿಯೋಕ ನಗರದಲ್ಲಿ. ಊರಿನ ಮೊದಲ ಬಸ್ಸು ಹೊರಡುವುದೇ ಒಂಬತ್ತಕ್ಕೆ.

ನೇರ ಗ್ಯಾರೇಜಿಗೆ ಹೋಗಿ ಕಾರು ಬಿಟ್ಟಳು. ಸಂಜೆ ಮೆಕ್ಯಾನಿಕ್ ಕುಡೊ ಕೈ ಒರೆಸಿಕೊಳ್ಳುತ್ತ ಬಂದ.

"ಇಪ್ಪತ್ತು ಸಲ ಸೆಲ್ಫ್ ಹೊಡ್ದೆ ಕಿರಿಯೆ ಅಕ್ಕ, ಇಪ್ಪತ್ತು ಸಲಾನೂ ಸ್ಟಾರ್ಟ್ ಆಯ್ತು. ನನ್ನ ಕಂಡ್ರೆ ಇದಕ್ಕೆ ಪ್ರೀತಿ."

"ನನ್ನ ಕಂಡ್ರೆ?"

"ನೀವು ಎಲ್ಲಾ ಬರ್ಕೋತೀರಲ್ಲ, ನಾಚ್ಕೊಳತ್ತೆ."

ಅವಳಿಗೆ ನಗು ಬರಲಿಲ್ಲ. ನಾಲ್ಕನೆಯ ಸಲ ಇದೇ ಮಾತು. ಅವನ ಕೈಯಿಂದ ಕೀಲಿ ಕಿತ್ತುಕೊಂಡು ತನ್ನ ಕೀಲಿಗೊಂಚಲಿಗೆ ಸೇರಿಸಹೊರಟವಳು ಹಾಗೆಯೇ ನಿಂತಳು.

ಗೊಂಚಲಿನಲ್ಲಿ ಮನೆಯ ಕೀಲಿಗಳಿದ್ದುದರಿಂದ ಪ್ರತಿ ಸಲವೂ ಅವನಿಗೆ ಕಾರಿನ ಕೀಲಿಯೊಂದನ್ನೇ ಬಿಡಿಸಿ ಕೊಟ್ಟಿದ್ದಳು. ಉಳಿದದ್ದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಗುಡಿಯಿಂದ ತಂದ, ಹಿತ್ತಾಳೆ ಗೆಜ್ಜೆ ಕಟ್ಟಿದ ಆರು ಪುಟ್ಟ ರಕ್ಷೆಯ ಚೀಲಗಳು, ಒಂದು ಕಂಚಿನ ಕಪ್ಪೆ. ಜಪಾನಿ ಮಾತಿನಲ್ಲಿ ಕಪ್ಪೆಗೂ ಮರಳಿ ಬರುವುದಕ್ಕೂ ಒಂದೇ ಪದ, ಹೋದವರು ಕ್ಷೇಮವಾಗಿ ಮರಳಲೆಂದು ಅದನ್ನು ಕಟ್ಟುವುದು. ವರ್ಷ ತುಂಬಿದ ರಕ್ಷೆಯನ್ನು ಗುಡಿಗೆ ಹಿಂದಿರುಗಿಸುವುದು ಪದ್ಧತಿ. ಅತ್ತೆ ಒಂದನ್ನೂ ಹಿಂದಿರುಗಿಸಿರಲಿಲ್ಲ. ಕಾರು ಕೆಟ್ಟಾಗಲೆಲ್ಲ ಮಂಜುಗಣ್ಣಿನಲ್ಲೇ ಗುಡಿಯ ಮೆಟ್ಟಿಲು ಹತ್ತಿ ಇನ್ನೊಂದನ್ನು ತಂದು ಕಟ್ಟುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ.

ಕಾರಿಗೆ ಹತ್ತಿ, ಕೀಲಿಗೆ ಗೊಂಚಲು ಸೇರಿಸಿ ತಿರುಗಿಸಿದಳು. ಸದ್ದಿಲ್ಲ. ಗೊಂಚಲನ್ನು ಅಂಗೈಯಿಂದ ಎತ್ತಿ ಹಿಡಿದು ತಿರುಗಿಸಿದಳು. ಎಂಜಿನ್ ಗುರುಗುಟ್ಟಿತು.

ಕುಡೊ ಬಗ್ಗಿ ನೋಡಿದ. "ಕೀಲಿ ತೂರೋ ಜಾಗ ಸವೆದಿದೆ. ತೂಕಕ್ಕೆ ಜಗ್ಗಿ ಒಳಗೆ ಕನೆಕ್ಷನ್ ತಪ್ತಾ ಇದೆ. ಅಯ್ಯೋ, ದೇವ್ರೆಲ್ಲಾ ಸೇರ್ಕೊಂಡು ಜೋತು ಬಿದ್ದಿದಾರಲ್ಲಕ್ಕ!"

ಮರುದಿನ ಮುಂಜಾನೆ ಅತ್ತೆ ಕೋಟು ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಹೊಸ ಗೆಜ್ಜೆಯ ಸದ್ದು.

"ನಿನ್ನೆ ಹೋಗಿ ತಂದೆ. ಕಟ್ಟಮ್ಮ, ಇವತ್ತು ತಪ್ಪಬಾರದು."

ಅತ್ತೆಯ ಮೊಣಕಾಲಿಗೆ ಹೊಸ ಬ್ಯಾಂಡೇಜು. ಗುಡಿಯ ಮೆಟ್ಟಿಲುಗಳ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ನಲವತ್ತೊಂದು ದಿನದ ಸಿಟ್ಟು ಕಿರಿಯೆಯ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿ, ಕಾರಿನ ಕೀಲಿಯೊಂದನ್ನೇ ಬಿಡಿಸಿಕೊಂಡು ಗೊಂಚಲನ್ನು ಅತ್ತೆಯ ಕೈಗಿತ್ತಳು.

"ಇವತ್ತು ಎಲ್ಲಾನೂ ನೀವೇ ಹಿಡ್ಕೊಂಡಿರಿ ಅತ್ತೆ."

"ಗಾಡಿಗಲ್ವೇನೇ ತಂದಿದ್ದು?"

"ಆಪರೇಷನ್ ಗಾಡಿಗಾ, ನಿಮಗಾ?"

ಅತ್ತೆ ಗೊಣಗುತ್ತಲೇ ಕಾರಿನಲ್ಲಿ ಕೂತು, ಕರವಸ್ತ್ರ ಹಾಸಿ ರಕ್ಷೆಗಳನ್ನೆಲ್ಲ ಮಡಿಲಲ್ಲಿಟ್ಟುಕೊಂಡರು. ಬಿಡಿ ಕೀಲಿ ತಿರುಗಿತು. ಮೊದಲ ಯತ್ನಕ್ಕೇ ಕಾರು ಗುರುಗುಟ್ಟಿತು.

"ನೋಡಿದ್ಯಾ? ಇದನ್ನೂ ಬರ್ಕೋ ನಿನ್ನ ಪುಸ್ತಕದಲ್ಲಿ."

ಕಿರಿಯೆ ಗೇರು ಹಾಕಿದಳು. ಸೇತುವೆಯ ತಿರುವಿನಲ್ಲಿ ಏಳೂ ಗೆಜ್ಜೆಗಳು ಒಟ್ಟಿಗೆ ಕುಲುಕಿದವು. ಅತ್ತೆಯ ಬೆರಳುಗಳು ತಡಕಾಡಿ ಕಪ್ಪೆಯನ್ನು ಹುಡುಕಿ, ಅದರ ತಣ್ಣನೆಯ ಬೆನ್ನನ್ನು ಮೆಲ್ಲಗೆ ಮುಚ್ಚಿದವು.