ಎರಡನೆಯ ಮಾತ್ರೆ

೧
ಎಲ್ಲಿಂದ ಶುರು ಮಾಡಲಿ? ಎದೆಬಡಿತದಿಂದ ಮಾಡಿದರೆ ನಾಟಕ ಅನ್ನುತ್ತೀರಿ, ಔಷಧದ ಚೀಟಿಯಿಂದ ಮಾಡಿದರೆ ಪಾಠ ಅನ್ನುತ್ತೀರಿ. ಹೋಗಲಿ, ಅಕ್ಕನಿಂದಲೇ ಮಾಡುತ್ತೇನೆ. ಅವಳು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾಳೆ. ನನ್ನ ಕಥೆಗಳನ್ನೂ ತಿದ್ದುತ್ತಾಳೆ. (ಇದೊಂದನ್ನು ಬಿಟ್ಟು.)

೨
ನಲವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದರು. ಮಿದುಳಿನ ನರಕೋಶಗಳು ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕವನ್ನು ಬೇಗನೆ ವಾಪಸ್ ಹೀರಿಕೊಳ್ಳದಂತೆ ಅದು ತಡೆಯುತ್ತದೆ. ಸುದ್ದಿ ಉಳಿಯುತ್ತದೆ, ಗಮನವೂ ಒಂದೆಡೆ ನಿಲ್ಲುತ್ತದೆ. (ಆಕಳಿಸಬೇಡಿ, ಇದು ಬೇಕಾಗುತ್ತದೆ.)

"ಬೇರೆ ಏನಾದ್ರೂ ಮಾತ್ರೆ ತಗೋತೀರಾ?"

"ಲಘುವಿಗೆ ಒಂದೇ ಮಾತ್ರೆ, ಡಾಕ್ಟ್ರೇ. ಎರಡು ತಗೊಳ್ಳೋಕೆ ನಾನೇನು ಗುರುನಾ?"

ಛಂದಸ್ಸಿನ ಜೋಕು! ಡಾಕ್ಟರು ನಕ್ಕು 'ಇಲ್ಲ' ಎಂದು ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ನಾನೂ ನಕ್ಕೆ.

೩
ಎರಡನೆಯದು ಇತ್ತು. ಖಿನ್ನತೆಗೆಂದು ಬೇರೊಬ್ಬ ವೈದ್ಯರು ಕೊಟ್ಟದ್ದು. ಮೊದಲ ಮಾತ್ರೆಯನ್ನು ಲಿವರ್ ಕರಗಿಸದಂತೆ ಅದು ಅಡ್ಡಗಟ್ಟುತ್ತದೆ. ಒಂದೇ ನುಂಗಿದರೂ ರಕ್ತದಲ್ಲಿ ಹಲವನ್ನು ನುಂಗಿದಷ್ಟು ಸೇರುತ್ತದೆ. ಅಕ್ಕನ ಬಾಯಿ ಒಣಗಿತು, ಹಸಿವು ಸತ್ತಿತು. ಮೂರನೆಯ ವಾರ ಎದೆ ಡವಗುಟ್ಟಿ ಕರಡಿನ ಮೇಲೇ ಕುಸಿದಳು.

(ಮೊದಲ ಡ್ರಾಫ್ಟಿನಲ್ಲಿ ಅವಳನ್ನು ಇಲ್ಲೇ ಸಾಯಿಸಿದ್ದೆ. ಹರಿದು ಹಾಕಿದೆ.)

ಮರುದಿನ ಅಂಗಿಗೆ ಗುಂಡಿ ಹುಡುಕುವಾಗ ಅವಳ ಹೊಲಿಗೆ ಡಬ್ಬಿಯಲ್ಲಿ ಆ ಮಾತ್ರೆಗಳು ನನಗೆ ಸಿಕ್ಕಿದವು.

"ಡಾಕ್ಟ್ರ ಹತ್ರ ಯಾಕೆ ಮುಚ್ಚಿಟ್ಟೆ?"

"ಪಕ್ಕದಲ್ಲಿ ನೀನಿದ್ದೆ."

"ನಾನೇನು ಹೊರಗಿನವನಾ?"

"ಅಮ್ಮ ತಿಂಗಳುಗಟ್ಟಲೆ ಮಾತು ಬಿಟ್ಟು ಕೂತಿದ್ದನ್ನ ಕಥೆ ಮಾಡಿ ಅಚ್ಚು ಹಾಕಿಸ್ದೋನು ನೀನು. ಆ ಕರಡು ತಿದ್ದಿದ್ದು ಯಾರು? ನಾನೇ."

ನನಗೆ ನಾಚಿಕೆಯಾಯಿತು. (ಹೌದು, ಇದನ್ನೂ ಬರೆಯುತ್ತಿದ್ದೇನೆ. ನಾಯಿಬಾಲ ಡೊಂಕೇ.)

೪
ಕೆಲವು ಮುಕ್ತಾಯಗಳು.

ಅ) ಡಾಕ್ಟರಿಗೆ ನಾನೇ ಹೇಳುತ್ತೇನೆ. ("ಚಾಡಿಕೋರ! ನನ್ನ ಕಾಯಿಲೆ, ನನ್ನ ಬಾಯಲ್ಲೇ ಬರ್ಲಿ," ಎಂದಳು ಅಕ್ಕ.)

ಆ) ನನ್ನ ಮಾತು ಕೇಳಿ ಅವಳು ಎರಡನೆಯದನ್ನು ಬಿಡುತ್ತಾಳೆ. (ಅದನ್ನು ಹಾಗೆ ಏಕಾಏಕಿ ಬಿಡುವಂತಿಲ್ಲ. ತಲೆಸುತ್ತು, ಕಳವಳ, ಮತ್ತೆ ಅದೇ ಕತ್ತಲು.)

ಇ) ಬೇಡ. ಇವೆರಡರಲ್ಲೂ ಹೀರೋ ಆಗುವವನು ನಾನೇ.

೫
ಮಾತ್ರೆ ಸಿಕ್ಕ ದಿನವೇ ಮಧ್ಯಾಹ್ನ, ಡಾಕ್ಟರ ಅದೇ ಕೋಣೆ. ಡಾಕ್ಟರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದ್ದಾರೆ. "ಇನ್ನೇನಾದ್ರೂ ತಗೋತಿದ್ದೀರಾ? ಸರಿಯಾಗಿ ಯೋಚ್ನೆ ಮಾಡಿ ಹೇಳಿ."

ಅಕ್ಕ ಈ ಸಲ ಜೋಕು ಮಾಡಲಿಲ್ಲ. ನನ್ನ ಕಡೆ ತಿರುಗಿದಳು.

"ನೀನು ಸ್ವಲ್ಪ ಆಚೆ ಇರ್ತೀಯಾ?"

ಎದ್ದೆ. (ಓದುಗರೇ, ನೀವೂ ಏಳಿ.) ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಕಲ್ಪಿಸಿಕೊಂಡು ಬರೆಯಬಲ್ಲೆ. ಬರೆಯುವುದಿಲ್ಲ.