ಅಲ್ಲಾಡದ ಹೆಬ್ಬೆರಳು

ಒಂಬತ್ತನೇ ಕ್ಲಾಸಿಗೆ ಬ್ಯಾಗು ಎಸೆದವನ ಕೈಗೆ ಸೊಸೈಟಿ ವೆಬ್‌ಸೈಟು ಕೊಟ್ಟರೆ ಇನ್ನೇನಾಗತ್ತೆ ಹೇಳಿ, ಸ್ವಂತ ಅಜ್ಜೀನೇ ಮನುಷ್ಯಳಲ್ಲ ಅಂದುಬಿಟ್ಟ — ಕಾರ್ಯದರ್ಶಿ ವರದರಾಜ ಹೇಳಿ ನಗುತ್ತಿದ್ದಾನೆ, ಅವನ ಹಿಂದೆ ಅರ್ಧ ಕೊತ್ತತ್ತಿ ಊರೇ ನಗುತ್ತಿದೆ, ನಗಲಿ, ಸೊಸೈಟಿ ಆಫೀಸಿನ ಗೋಡೆಯ ಫ್ಯಾನು ಕೂಡ ತಲೆ ಅಲ್ಲಾಡಿಸುತ್ತಿದೆ, ಎಲ್ಲವೂ ಅಲ್ಲಾಡುತ್ತದೆ, ಅಜ್ಜಿಯ ಹೆಬ್ಬೆರಳೊಂದು ಬಿಟ್ಟು. ಹೋದ ವರ್ಷ ಇದೇ ವರದರಾಜ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿರಲಿಲ್ಲವೇ, ಯತೀಶ, ನೀನೇ ಏನಾದ್ರೂ ಮಾಡಪ್ಪ, ಬೆಳಿಗ್ಗೆ ಹತ್ತಕ್ಕೆ ಬಿತ್ತನೆ ಭತ್ತದ ಟೋಕನ್ ಬಿಟ್ಟರೆ ಹತ್ತೂ ಒಂದಕ್ಕೆ ಖಾಲಿ, ಮಳವಳ್ಳಿ ಕಡೆಯ ದಲ್ಲಾಳಿಗಳು ಬಾಟ್ ಬಿಟ್ಟಿದ್ದರು, ಕೂತವನಿಲ್ಲ ಒತ್ತಿದವನಿಲ್ಲ, ಬರೀ ಪ್ರೋಗ್ರಾಮು, ರೈತನಂತೆ ಹೆಸರು ತುಂಬಿ ಎಲ್ಲ ನುಂಗುತ್ತಿತ್ತು, ಮೊಬೈಲಿನಲ್ಲೇ ಕಲಿತು ಸ್ಕ್ರಿಪ್ಟ್ ಬರೆದವನು ನಾನು, ಪುಟ ತೆರೆದವರ ಬ್ರೌಸರಿನಲ್ಲೇ ಓಡುವಂಥದ್ದು — ಒಂದು ಹಸಿರು ಸುತ್ತು, ಅದರ ಮೇಲೆ ಐದು ಸೆಕೆಂಡು ಬೆರಳಿಡಬೇಕು, ಮನುಷ್ಯನ ಬೆರಳು ಕೂದಲೆಳೆಯಷ್ಟಾದರೂ ಜಾರುತ್ತದೆ, ಬಾಟಿನದು ಕಲ್ಲು, ಕಲ್ಲಿಗೆ ಟೋಕನ್ ಇಲ್ಲ. ಮದ್ದೂರಿನ ಟೀ ಅಂಗಡಿಯಲ್ಲಿ ಗೆಳೆಯರ ಬೆರಳಿಡಿಸಿ ನೋಡಿದೆ, ಲೇ, ನಂದು ರಾತ್ರಿ ಕುಡ್ದ ಕೈ ಕಣ್ಲಾ, ನಾನು ಡಬಲ್ ಮನ್ಸ ಅಂದಿದ್ದ ಪುನೀತ, ನಕ್ಕೆವು, ಎಲ್ಲರೂ ಪಾಸು. ಈ ಸಲ ದಲ್ಲಾಳಿಗೆ ಒಂದೇ ಒಂದು ಟೋಕನ್ ಸಿಗಲಿಲ್ಲ, ಅದನ್ನು ಯಾವನೂ ಹೇಳುವುದಿಲ್ಲ, ಅಜ್ಜಿಗೂ ಸಿಗಲಿಲ್ಲ, ಪಕ್ಕದ ಗದ್ದೆಯ ಶಿವಯ್ಯನಿಗೂ, ಊರಿನ ಮುದುಕರಲ್ಲಿ ಯಾರಿಗೂ, ನಾಲೆಗೆ ನೀರು ಬಂದಿದೆ, ಸಸಿ ಎಬ್ಬಿಸುವ ಒಟ್ಲು ಪಾತಿ ಕೆಸರಾಗಿ ಕಾಯುತ್ತಿದೆ, ಸೊಸೈಟಿಯ ಬೀಜ ಮುಗಿಯಿತು, ಅಜ್ಜಿಯ ಗದ್ದೆ ಈ ಬೆಳೆಗೆ ಬೀಳು.

ಒತ್ತು ಬೆಟ್ಟಮ್ಮ, ನಿನ್ನ ಮೊಮ್ಮಗನ ಯಂತ್ರ ಏನನ್ನುತ್ತೆ ಎಲ್ಲರೂ ನೋಡಲಿ — ಮೊಬೈಲು ಚಾಚಿದ ವರದರಾಜ, ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಉಸಿರು ಬಿಗಿಹಿಡಿದು ಒತ್ತಿದಳು, ರೇಷನ್ ಅಂಗಡಿಯಲ್ಲಿ ಒತ್ತುವ ಹಾಗೆ, ಅಲ್ಲಿ ಅಲ್ಲಾಡಿದರೆ ಬೆರಳ ಗುರುತು ಸಿಗುವುದಿಲ್ಲ, ಅಕ್ಕಿಯಿಲ್ಲ, ಅಲ್ಲಾಡುಸ್ಬ್ಯಾಡ ಕಣಮ್ಮ ಅಂತ ತಿಂಗಳು ತಿಂಗಳೂ ಬೈಸಿಕೊಂಡು ಕಲಿತ ಬೆರಳು, ಕಲ್ಲಾಯಿತು, ಕೆಂಪಗೆ ಬಂತು ನಾನೇ ಬರೆದ ಸಾಲು, ನೀವು ಮನುಷ್ಯರಲ್ಲ. ಆ ಕ್ಯೂನಲ್ಲಿ ಚೀಲ ಹಿಡಿದು ಅವಳ ಪಕ್ಕ ನಿಲ್ಲುವವನು ನಾನೇ, ಪ್ರತಿ ತಿಂಗಳೂ ನಾನೇ, ಬರೆಯುವಾಗ ಪುನೀತನ ಬೆರಳು ನೆನಪಾಯಿತು, ಅಜ್ಜಿಯ ಈ ಬೆರಳು ನೆನಪಾಗಲಿಲ್ಲ. ನಿನ್ನ ಡಿಗ್ರಿ ಒಂದು ಬಾಟನ್ನಾದರೂ ತಡೆಯಿತೇನೋ ವರದರಾಜ, ನಾಲಿಗೆಯ ತುದಿಯಲ್ಲಿದೆ, ಅಷ್ಟರಲ್ಲಿ ಅಜ್ಜಿ, ಅವನ್ನ್ಯಾಕ್ ಬೈದೀರಿ ಬುಡಿ ಸ್ವಾಮಿ, ನಾನೇ ಅಲ್ಲಾಡ್ಸಿರ್ಬೇಕು, ತಡೀರಿ, ಇನ್ನೊಂದ್ಸಲ ಗಟ್ಯಾಗಿ ಒತ್ತೀನಿ — ಮೆಟ್ಟಿಲಿಳಿಯುತ್ತಿದ್ದೇನೆ, ನನ್ನ ಕೈ ನಡುಗುತ್ತಿದೆ, ನನ್ನ ಸ್ಕ್ರಿಪ್ಟಿನ ಪ್ರಕಾರ ನಾನು ಮನುಷ್ಯ, ರಸ್ತೆ, ಬಿಸಿಲು, ನಾಲೆ, ಕಣ್ಣ ಮುಂದೆ ಮಾತ್ರ ಮೊಬೈಲಿನ ಗಾಜಿನ ಮೇಲೆ ಅಜ್ಜಿಯ ಹೆಬ್ಬೆರಳು, ಉಗುರ ಸಂದಿಯಲ್ಲಿ ಒಣಗಿದ ಕೆಸರು, ಒತ್ತಿದೆ, ಒತ್ತಿಯೇ ಇದೆ, ಅಲ್ಲಾಡುತ್ತಿಲ್ಲ