ದೊಡ್ಡ ಷೇರುದಾರರ ಕುರ್ಚಿ

ಶನಿವಾರ ಸಂಜೆ ಕೊನೆಯ ರೋಗಿ ಕೆನ್ನೆ ಹಿಡಿದುಕೊಂಡು ಹೊರಟ ಮೇಲೆ ಹಲ್ಲಿನ ಡಾಕ್ಟರು ಬಾಗಿಲಿಗೆ ಚಿಲಕ ಹಾಕುತ್ತಾರೆ. ಆಮೇಲೆ ಅಲ್ಲಿ ಎಣ್ಣೆಬಾವಿಯದೇ ಮಾತು. ಡಾಕ್ಟರು, ದರ್ಜಿ, ಬಸ್ ಡ್ರೈವರು, ನನ್ನ ಗಂಡ, ನಾಲ್ವರೂ ಒಂದೇ ಪುಟ್ಟ ಕಂಪನಿಯ ಷೇರು ಕೊಂಡವರು. ಆ ಕಂಪನಿ ಎಲ್ಲೋ ಸಮುದ್ರದ ನಡುವೆ ಎಣ್ಣೆಗಾಗಿ ಕೊರೆಯುತ್ತದೆ. ಇದುವರೆಗೆ ಸಿಕ್ಕಿರುವುದು ಉಪ್ಪುನೀರು.

ಅಲ್ಲೊಂದು ಪದ್ಧತಿಯಿದೆ. ಯಾರ ಹತ್ತಿರ ಹೆಚ್ಚು ಷೇರಿದೆಯೋ ಅವರು ಹಲ್ಲು ಕೀಳುವ ಕುರ್ಚಿಯಲ್ಲಿ ಕೂರಬೇಕು. ಉಳಿದವರಿಗೆ ಸ್ಟೂಲು. ಷೇರಿದ್ದವರು ಮನೆಯವರೊಬ್ಬರನ್ನು ಕರೆತರಬಹುದು. ಇಲ್ಲದವರು ಒಳಗೆ ಬರುವಂತಿಲ್ಲ.

ಗಂಡ ತೀರಿಹೋದ ಮೇಲೆ ಷೇರು ನನ್ನ ಹೆಸರಿಗೆ ಬಂತು, ಕುರ್ಚಿಯೂ ಬಂತು. ಕಾಲು ಮೇಲೆ, ತಲೆ ಕೆಳಗೆ, ಮುಖದ ಮೇಲೆ ದೀಪ. ಜೊತೆಗೆ ಮಾವ ಬರುತ್ತಾರೆ. ಮನೆಯಲ್ಲಿ ಅವರು ಮಾತಾಡುವುದು ಬೆಕ್ಕಿನ ಜೊತೆ ಮಾತ್ರ, ಅದೂ ಬೈಯಲು. ಇಲ್ಲಿ ಬಾಯಿ ಬಿಡುತ್ತಾರೆ.

ಒಂದು ಶನಿವಾರ ನಾನು ಷೇರು ಮಾರುವುದೆಂದು ತೀರ್ಮಾನಿಸಿ ಹೋಗಿದ್ದೆ. ಅರ್ಧಕ್ಕೆ ನಿಂತ ಓದು ಮುಗಿಸಬೇಕಿತ್ತು. ಮಾರಿದರೆ ಮಾವನ ಶನಿವಾರವೂ ಹೋಗುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಅವರಿಗೆ ಹೇಳಲಾಗಲಿಲ್ಲ.

"ಹೊಸ ಬಾವಿ ಗ್ಯಾರಂಟಿ," ಎಂದರು ದರ್ಜಿ. "ಎಣ್ಣೆ ಸಿಗೋ ಸಾಧ್ಯತೆ ಇಪ್ಪತ್ತೆರಡು ಪರ್ಸೆಂಟ್ ಅಂತ ಕಂಪನಿಯೋರೇ ಹೇಳಿದಾರೆ."

"ಅಂದ್ರೆ ಎಪ್ಪತ್ತೆಂಟು ಪರ್ಸೆಂಟ್ ಸಿಗಲ್ಲ," ಎಂದೆ.

"ಓದಿದೋರ ಹತ್ರ ಇದೇ ತೊಂದ್ರೆ ನೋಡಿ, ಕಳೆಯೋ ಲೆಕ್ಕ ಬೇಗ ಬರುತ್ತೆ," ಎಂದರು ಡ್ರೈವರು.

ಮಾವ ಸ್ಟೂಲಿನ ತುದಿಗೆ ಸರಿದರು. "ರೀ ದರ್ಜಿಗಳೇ, ಹೋದ ಬಾವಿಗೂ ಗ್ಯಾರಂಟಿ ಅಂದಿದ್ರಿ. ನಿಮ್ಮ ಗ್ಯಾರಂಟಿ ನಿಮ್ಮ ಹೊಲಿಗೆ ಥರಾನೇ. ಎರಡು ಸಲ ಒಗೆದ್ರೆ ಬಿಚ್ಕೊಳ್ಳುತ್ತೆ."

"ನೀವು ಹಾಕಿರೋ ಅಂಗಿ ನಾನೇ ಹೊಲಿದಿದ್ದು!"

"ಅದಕ್ಕೇ ಕೈ ಎತ್ತದೆ ಮಾತಾಡ್ತಿದೀನಿ."

ಎಲ್ಲರೂ ನಗುತ್ತಿದ್ದಾಗಲೇ ಹೇಳಿಬಿಟ್ಟೆ. "ನಾನು ಷೇರು ಮಾರ್ತೀನಿ."

ನಗು ನಿಂತಿತು. ಮಾವ ಅಂಗಿಯ ಗುಂಡಿ ನೋಡಿಕೊಂಡರು.

"ಮಾರಮ್ಮ," ಎಂದರು. "ನನ್ನ ಮಗ ಆಗಿದ್ರೆ ಮಾರ್ತಿರ್ಲಿಲ್ಲ. ಅವನಿಗೆ ಯಾವತ್ತು ಬುದ್ಧಿ ಇತ್ತು?"

ಎದ್ದು ಹೋಗಿ ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದರು.

"ಹಂಗಾದ್ರೆ ಕುರ್ಚಿ ನನಗೆ ಬರುತ್ತೆ, ಅಲ್ವಾ?" ಎಂದರು ದರ್ಜಿ.

"ತಡ್ಕೊಳ್ರೀ," ಎಂದು ಡ್ರೈವರು ಗದರಿದರು.

ನಾನು ಇಳಿಯಹೊರಟೆ. ಡಾಕ್ಟರು ತಡೆದರು. "ಕೂತ್ಕೊಳಮ್ಮ. ಬಾಯಿ ತೆಗಿ." ಪುಟ್ಟ ಕನ್ನಡಿ ಒಳಗಿಟ್ಟು ಬಹಳ ಹೊತ್ತು ನೋಡಿದರು. "ಹಿಂದಿನ ಹಲ್ಲಲ್ಲಿ ತೂತಿದೆ ಅನ್ಸುತ್ತೆ. ಮುಂದಿನ ಶನಿವಾರ ಸಂಜೆ ಬಾ. ಕೊನೇ ರೋಗಿ ನೀನೇ."

ನಾಲಿಗೆಯಿಂದ ತಡಕಿದೆ. ಏನೂ ಸಿಗಲಿಲ್ಲ. "ನೋವೇ ಇಲ್ವಲ್ಲ ಡಾಕ್ಟ್ರೇ. ತೂತಿರೋ ಸಾಧ್ಯತೆ ಎಷ್ಟು?"

"ಇಪ್ಪತ್ತೆರಡು ಪರ್ಸೆಂಟ್."

"ಹಂಗಾದ್ರೆ ಗ್ಯಾರಂಟಿ," ಎಂದರು ಡ್ರೈವರು.

"ಎಷ್ಟು ಸಲ ಬರ್ಬೇಕಾಗುತ್ತೆ?" ಎಂದರು ಮಾವ, ಒಂದೇ ಚಪ್ಪಲಿ ಮೆಟ್ಟಿ ನಿಂತು.

"ಹಲ್ಲಿನ ವಿಷಯ, ಹೇಳಕ್ಕಾಗಲ್ಲ. ವರ್ಷಗಟ್ಟಲೆ ಎಳೀಬಹುದು. ಒಬ್ಬಳನ್ನೇ ಕಳಿಸ್ಬೇಡಿ, ಜೊತೆಗೆ ದೊಡ್ಡೋರು ಯಾರಾದ್ರೂ ಬೇಕು."

ಮಾವ ಚಪ್ಪಲಿ ಕಳಚಿ ಮತ್ತೆ ಬಂದು ಸ್ಟೂಲಿನಲ್ಲಿ ಕೂತರು. ದರ್ಜಿಯ ಕಡೆ ತಿರುಗಿದರು. "ಹ್ಞಾಂ, ಆ ಹೊಸ ಬಾವಿ ಬಗ್ಗೆ ಏನೋ ಅಂತಿದ್ರಲ್ಲ?"

ಸೋಮವಾರ ಷೇರು ಮಾರಿದೆ. ದರ್ಜಿ ಇನ್ನೂ ಸ್ಟೂಲಿನಲ್ಲೇ ಇದ್ದಾರೆ. ಕುರ್ಚಿಯಲ್ಲಿ ರೋಗಿ ಇರುತ್ತಾಳೆ.